ಶಕುನಿ ಇಲ್ಲದ ಒಂದು ಆಟ

ಇಲ್ಲಿ ಏನಾದರೂ ಬರೆದು ತಿಂಗಳುಗಳೇ ಆಗಿಹೋದವು. ಕೆಲಸ, ಟ್ರಾಫಿಕ್ಕು, ಸೋಮಾರಿತನ... ಕಾರಣಗಳಿಗೇನೂ ಬರ ಇಲ್ಲ ಬಿಡಿ. ಇವತ್ತು ಬರೆಯಲು ಕೂತಿರುವುದು ಒಂದು ಮೊಬೈಲ್ ಗೇಮಿನ ಬಗ್ಗೆ. "ಇಪ್ಪತ್ತೆಂಟು ವರ್ಷದವನಿಗೆ ಬರೆಯೋಕೆ ಗೇಮೇ ಸಿಕ್ಕಿದ್ದಾ?" ಅಂತ ಮೂಗು ಮುರಿಯುವವರು ದಯವಿಟ್ಟು ಸ್ವಲ್ಪ ತಾಳ್ಮೆಯಿಂದ ಓದಿ. ಆಟದ ನೆಪದಲ್ಲಿ ಹೇಳಬೇಕಾದ ಇನ್ನೊಂದು ವಿಷಯ ಇದೆ. ಅದನ್ನು ಯಾರಿಗೂ ಹೇಳದೆ ಎರಡು ವರ್ಷ ಕಳೆದಿದ್ದೇನೆ.

ಆಟದ ಹೆಸರು ಹಾಪ್ಲೈಟ್. ಡಗ್ಲಸ್ ಕೌಲಿ ಎಂಬಾತ 2013ರಲ್ಲಿ ಹೊರತಂದ ಪುಟ್ಟ ಆಟ. ಪುಟ್ಟದು ಅಂದರೆ ನಿಜಕ್ಕೂ ಪುಟ್ಟದು. ಕಣ್ಣು ಕೋರೈಸುವ ಗ್ರಾಫಿಕ್ಸ್ ಇಲ್ಲ, ಕಥೆ ಹೇಳುವ ವಿಡಿಯೋ ಇಲ್ಲ. ನೀವು ಪ್ರಾಚೀನ ಗ್ರೀಸಿನ ಒಬ್ಬ ಕಾಲಾಳು ಸೈನಿಕ. ಕೈಯಲ್ಲಿ ಈಟಿ, ಗುರಾಣಿ. ಪಾತಾಳಕ್ಕೆ ಇಳಿಯುತ್ತಾ ಹೋಗಬೇಕು. ಹದಿನಾರನೇ ಹಂತದಲ್ಲಿ ಒಂದು ಚಿನ್ನದ ಉಣ್ಣೆಯ ತೊಗಲು ಇದೆ, ಅದನ್ನು ಎತ್ತಿಕೊಂಡು ಹೊರಬರಬೇಕು. ಇಷ್ಟೇ.

ಚಿನ್ನದ ಉಣ್ಣೆ ಎಂದರೆ ಜೇಸನ್ ಎಂಬ ಗ್ರೀಕ್ ವೀರ ಆರ್ಗೋ ಹಡಗು ಹತ್ತಿ ಕೋಲ್ಕಿಸ್‌ಗೆ (ಇವತ್ತಿನ ಜಾರ್ಜಿಯಾ ದೇಶದ ಕರಾವಳಿ) ಹೋಗಿ ತಂದ ಕಥೆಯದ್ದು. ಆದರೆ ಆಟದಲ್ಲಿ ಅದರ ಹೆಸರು 'ಫ್ಲೀಸ್ ಆಫ್ ಯೆಂಡೋರ್'. ಇದು ನಮ್ಮಂಥ ಕಂಪ್ಯೂಟರ್ ಹುಳುಗಳಿಗೆ ಮಾಡಿದ ತಮಾಷೆ. 1980ರ ಸುಮಾರಿಗೆ ಬಂದ 'ರೋಗ್' ಎಂಬ ಹಳೇ ಆಟದಲ್ಲಿ ಹುಡುಕಬೇಕಾಗಿದ್ದ ತಾಯಿತಕ್ಕೆ ಯೆಂಡೋರಿನ ತಾಯಿತ ಎಂದು ಹೆಸರು. ಯೆಂಡೋರ್ ಅನ್ನುವುದನ್ನು ಇಂಗ್ಲಿಷಿನಲ್ಲಿ ಹಿಂದುಮುಂದಾಗಿ ಓದಿದರೆ ರಾಡ್ನಿ ಆಗುತ್ತೆ :)

ಸರಿ, ಆಡುವುದು ಹೇಗೆ? ಪರದೆಯ ಮೇಲೆ ಜೇನುಗೂಡಿನ ಹಾಗೆ ಆರು ಬದಿಯ ಮನೆಗಳು. ನೀವು ಒಂದು ಮನೆ ನಡೆಯುತ್ತೀರಿ, ಆಮೇಲೆ ಶತ್ರುಗಳೆಲ್ಲ ತಮ್ಮ ಪಾಳಿ ಆಡುತ್ತಾರೆ, ಮತ್ತೆ ನಿಮ್ಮ ಪಾಳಿ. ಗಡಿಯಾರ ಇಲ್ಲ. ಒಂದು ನಡೆಗೆ ಒಂದು ಗಂಟೆ ಬೇಕಾದರೂ ಯೋಚಿಸಿ, ಯಾರೂ ಕೇಳುವುದಿಲ್ಲ. ಸಿಲ್ಕ್ ಬೋರ್ಡಿನಲ್ಲಿ ಬಸ್ಸು ನಿಂತಷ್ಟು ಹೊತ್ತಿಗೆ ನಾಲ್ಕು ಹಂತ ಇಳಿಯಬಹುದು. ಬಸ್ಸು ಹೊರಟರೆ ಫೋನ್ ಜೇಬಿಗೆ. ಆಟ ನೀವು ಬಿಟ್ಟಲ್ಲೇ ಕಾಯುತ್ತಿರುತ್ತೆ.

ಹೊಡೆಯುವುದಕ್ಕೆ ಅಂತ ಬಟನ್ ಇಲ್ಲ. ನಡೆಯುವುದೇ ಹೊಡೆಯುವುದು. ನಿಮ್ಮ ನೇರಕ್ಕೆ ಒಂದು ಮನೆ ಬಿಟ್ಟು ಶತ್ರು ನಿಂತಿದ್ದರೆ, ಆ ನಡುವಿನ ಮನೆಗೆ ಕಾಲಿಟ್ಟರೆ ಸಾಕು, ಈಟಿ ಅವನಿಗೆ ನಾಟುತ್ತೆ. ಶತ್ರುವಿನ ಪಕ್ಕದ ಮನೆಯಿಂದ ಅವನ ಪಕ್ಕದ್ದೇ ಇನ್ನೊಂದು ಮನೆಗೆ ಸರಿದರೆ ಬೀಸಿದ ಏಟು ಅವನಿಗೆ ಬೀಳುತ್ತೆ. ಇದಲ್ಲದೆ ಎರಡು ಮನೆ ಹಾರಬಹುದು, ಗುರಾಣಿಯಿಂದ ತಳ್ಳಬಹುದು (ಹಿಂದೆ ಲಾವಾ ಇದ್ದರೆ ಶತ್ರುವಿನ ಕಥೆ ಮುಗೀತು), ಈಟಿ ಎಸೆಯಬಹುದು. ಎಸೆದ ಈಟಿಯನ್ನು ಮಾತ್ರ ನೀವೇ ನಡೆದುಹೋಗಿ ಎತ್ತಿಕೊಳ್ಳಬೇಕು. ಅಲ್ಲಿವರೆಗೆ ಅರ್ಧ ಬಲ ಹೋದ ಹಾಗೆ.

ಶತ್ರುಗಳು ನಾಲ್ಕೇ ಬಗೆ. ಪಕ್ಕಕ್ಕೆ ಬಂದರೆ ಹೊಡೆಯುವ ಕಾಲಾಳು. ನೇರ ಸಾಲಿನಲ್ಲಿ ದೂರದಿಂದ ಬಾಣ ಬಿಡುವ ಬಿಲ್ಲುಗಾರ (ಅವನ ಮಗ್ಗುಲಿಗೇ ಹೋಗಿ ನಿಂತರೆ ಪಾಪ ಏನೂ ಮಾಡಲಾರ). ಸಾಲು ಹಿಡಿದು ಸುಡುವ ಮಾಂತ್ರಿಕ. ಮತ್ತೆ ಬಾಂಬ್ ಎಸೆಯುವವನು. ಆ ಬಾಂಬ್ ಬಿದ್ದ ತಕ್ಷಣ ಸಿಡಿಯುವುದಿಲ್ಲ, ಒಂದು ಪಾಳಿ ಕಾಯುತ್ತೆ.

ಈಗ ಮುಖ್ಯ ವಿಷಯ. ಇವರಲ್ಲಿ ಯಾರು ಯಾವ ಮನೆಗೆ ಹೊಡೆಯಬಲ್ಲರು ಅನ್ನುವುದನ್ನು ಆಟ ನಿಮ್ಮಿಂದ ಮುಚ್ಚಿಡುವುದಿಲ್ಲ. ಶತ್ರುವಿನ ಮೇಲೆ ಬೆರಳಿಟ್ಟರೆ ಅವನ ಕೈಗೆ ಸಿಗುವ ಮನೆಗಳೆಲ್ಲ ಬಣ್ಣವಾಗಿ ಕಾಣುತ್ತವೆ. ನಿಮ್ಮ ಏಟು ಎಂದೂ ಗುರಿ ತಪ್ಪುವುದಿಲ್ಲ, ಅವರದ್ದೂ ತಪ್ಪುವುದಿಲ್ಲ. "ಎಪ್ಪತ್ತು ಪರ್ಸೆಂಟ್ ತಗಲಬಹುದು" ಎಂಬ ಮಾತೇ ಇಲ್ಲ. ತಗಲುತ್ತೆ ಅಂದರೆ ತಗಲುತ್ತೆ. ಹೊಡೆಯದ ಶತ್ರು ಮುಂದೆ ಯಾವ ಕಡೆ ಸರಿಯಬಹುದು ಅಂತ ಸ್ವಲ್ಪ ಅಂದಾಜು ಮಾಡಬೇಕು, ಅಷ್ಟೇ. ಈ ನಡೆಗೆ ನನಗೆ ಏಟು ಬೀಳುತ್ತಾ ಇಲ್ಲವಾ ಎಂಬುದಕ್ಕೆ ಉತ್ತರ ಪರದೆಯ ಮೇಲೇ ಇರುತ್ತೆ. ನೋಡುವ ವ್ಯವಧಾನ ನಮಗಿರಬೇಕು.

ಹಾಗಾಗಿ ಹಾಪ್ಲೈಟಿನಲ್ಲಿ ಸತ್ತಾಗಲೆಲ್ಲ (ನಾನು ನೂರಾರು ಸಲ ಸತ್ತಿದ್ದೇನೆ) ಒಂದು ವಿಚಿತ್ರ ಸಮಾಧಾನ ಆಗುತ್ತೆ. ಎಲ್ಲಿ ಎಡವಿದೆ ಅಂತ ಗೊತ್ತಿರುತ್ತೆ. "ಆ ಬಿಲ್ಲುಗಾರನನ್ನು ನೋಡಲೇ ಇಲ್ಲವಲ್ಲ" ಅಂತ ಬೈದುಕೊಳ್ಳುವುದು ನನ್ನನ್ನೇ.

ಇತಿಹಾಸ ಬಲ್ಲವರು ಇಲ್ಲಿ ನನ್ನ ಕಿವಿ ಹಿಂಡಬಹುದು. ನಿಜವಾದ ಹಾಪ್ಲೈಟ್ ಹೀಗೆ ಒಬ್ಬೊಬ್ಬನೇ ಜಿಗಿದಾಡಿಕೊಂಡು ಯುದ್ಧ ಮಾಡುತ್ತಿರಲಿಲ್ಲ. ಅವನ ಬಲ ಇದ್ದದ್ದು ಸಾಲಿನಲ್ಲಿ. ಫ್ಯಾಲಾಂಕ್ಸ್ ಎಂಬ ಒತ್ತೊತ್ತಾದ ವ್ಯೂಹದಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುತ್ತಿದ್ದರು. ಆಸ್ಪಿಸ್ ಎಂಬ ದೊಡ್ಡ ದುಂಡು ಗುರಾಣಿ ಎಡಗೈಯಲ್ಲಿ. ಅದು ತನ್ನ ಎಡ ಮಗ್ಗುಲನ್ನೂ, ಎಡಕ್ಕೆ ನಿಂತವನ ಬಲ ಮಗ್ಗುಲನ್ನೂ ಕಾಯುತ್ತಿತ್ತು. ಹೀಗಾಗಿ ಪ್ರತಿಯೊಬ್ಬನೂ ತನ್ನ ಬಲಗಡೆಯವನ ಗುರಾಣಿಯ ಮರೆಗೆ ಸರಿಯುತ್ತಾ ಸರಿಯುತ್ತಾ ಇಡೀ ಸೈನ್ಯವೇ ಬಲಕ್ಕೆ ವಾಲುತ್ತಿತ್ತಂತೆ. ಕ್ರಿ.ಪೂ. 418ರ ಮ್ಯಾಂಟಿನಿಯಾ ಕದನದ ಬಗ್ಗೆ ಬರೆಯುವಾಗ ಥುಸಿಡಿಡೀಸ್ ಇದನ್ನು ಗುರುತಿಸಿದ್ದಾನೆ. ಇನ್ನು ಈಟಿ? ಅದು ಎಸೆಯುವುದಕ್ಕಲ್ಲ, ತಿವಿಯುವುದಕ್ಕೆ. ಅಷ್ಟು ಭಾರ ಹೊತ್ತು ಎರಡು ಮನೆ ಹಾರುವುದಂತೂ ಕನಸಿನ ಮಾತು.

ಅಂದರೆ ಆಟ ಇತಿಹಾಸಕ್ಕೆ ನಿಷ್ಠವಾಗಿಲ್ಲ. ಆದರೆ ಆಡುವವನಿಗೆ ನಿಷ್ಠವಾಗಿದೆ. ನನಗೆ ಎರಡನೆಯದೇ ಹೆಚ್ಚು ಮುಖ್ಯ ಅನ್ನಿಸುತ್ತೆ. ಯಾಕೆ ಅಂತ ಹೇಳಬೇಕಾದರೆ ನನ್ನ ಹಳೇ ಕೆಲಸದ ಬಗ್ಗೆ ಹೇಳಬೇಕು.

ಇಂಜಿನಿಯರಿಂಗ್ ಮುಗಿಸಿದ ಮೇಲೆ ಮೊದಲ ಕೆಲಸ ಸಿಕ್ಕಿದ್ದು ಬೆಂಗಳೂರಿನ ಒಂದು ಮೊಬೈಲ್ ಗೇಮ್ ಕಂಪನಿಯಲ್ಲಿ. ಹೆಸರು ಬೇಡ. ನಮ್ಮದು ಹಣ್ಣುಗಳನ್ನು ಜೋಡಿಸುವ ಆಟ. ಒಂದೇ ಬಗೆಯ ಮೂರು ಹಣ್ಣು ಸೇರಿದರೆ ಮಾಯ, ಮೇಲಿಂದ ಹೊಸ ಹಣ್ಣು ಬೀಳುತ್ತೆ. ಇಷ್ಟು ನಡೆಗಳೊಳಗೆ ಇಷ್ಟು ಹಣ್ಣು ಒಡೆಯಬೇಕು. ಊರಿನಲ್ಲಿ ಅಮ್ಮನ ಫೋನಿಗೆ ನಾನೇ ಹಾಕಿಕೊಟ್ಟು ಬಂದಿದ್ದೆ. "ನೋಡು, ಇದು ನಿನ್ನ ಮಗ ಮಾಡಿರೋದು" ಅಂತ ಜಂಭ ಬೇರೆ. ಅಮ್ಮ ಆವತ್ತಿನಿಂದ ಮಧ್ಯಾಹ್ನ ಊಟ ಆದಮೇಲೆ ಕನ್ನಡಕ ಏರಿಸಿಕೊಂಡು ಹಣ್ಣು ಒಡೆಯಲು ಶುರು ಮಾಡಿದಳು. ಆಟದ ಹುಚ್ಚಿಗಲ್ಲ. ಮಗ ಮಾಡಿದ್ದು ಅನ್ನುವ ಪ್ರೀತಿಗೆ.

ಈಗ ಮೇಲಿಂದ ಯಾವ ಹಣ್ಣು ಬೀಳಬೇಕು ಅಂತ ಯಾರು ನಿರ್ಧರಿಸುತ್ತಾರೆ? ಆಡುವವರು ಅಂದುಕೊಳ್ಳುವುದು 'ಅದೃಷ್ಟ' ಅಂತ. ಕಂಪ್ಯೂಟರಿಗೆ ಅದೃಷ್ಟ ಗೊತ್ತಿಲ್ಲ. ಅದರ ರ‍್ಯಾಂಡಮ್ ಸಂಖ್ಯೆಗಳು 'ಸೀಡ್' ಎಂಬ ಒಂದು ಸಂಖ್ಯೆಯಿಂದ ಹುಟ್ಟುತ್ತವೆ. ಅದೇ ಸೀಡ್ ಕೊಟ್ಟರೆ ಅದೇ ಸಾಲು ಮತ್ತೆ ಬರುತ್ತೆ. ಬೀಜದಿಂದ ಗಿಡ ಬಂದ ಹಾಗೆ. ನಾವು ಒಂದು ಬಾಟ್ ಬರೆದು ಪ್ರತಿ ಲೆವೆಲ್ಲನ್ನೂ ಸಾವಿರಾರು ಸೀಡುಗಳ ಮೇಲೆ ಆಡಿಸುತ್ತಿದ್ದೆವು. ಇದು ಸುಲಭವಾಗಿ ಗೆಲ್ಲುವ ಸೀಡ್, ಇದು ಸೋಲುವ ಸೀಡ್, ಇದು ಇನ್ನೊಂದೇ ಒಂದು ಹಣ್ಣು ಉಳಿದಾಗ ನಡೆ ಮುಗಿದುಹೋಗುವ ಸೀಡ್ ಅಂತ ಪಟ್ಟಿ ಮಾಡಿ ಇಡುತ್ತಿದ್ದೆವು.

ಆ ಮೂರನೇ ಪಟ್ಟಿಗೆ ಬೆಲೆ ಜಾಸ್ತಿ. ಕೈಗೆ ಬಂದದ್ದು ಬಾಯಿಗೆ ಬಾರದೆ ಹೋದಾಗ ಮನುಷ್ಯ ಸುಮ್ಮನೆ ಎದ್ದುಹೋಗುವುದಿಲ್ಲ, ಇನ್ನೊಂದು ಸಲ ಕೂರುತ್ತಾನೆ. ಜೂಜಿನ ಮಷೀನ್ ಮಾಡುವವರಿಗೆ ಇದು ಎಂದಿನಿಂದಲೋ ಗೊತ್ತು. ನಮ್ಮ ಆಟದಲ್ಲಿ ಸರಿಯಾಗಿ ಅದೇ ಹೊತ್ತಿಗೆ "ಇನ್ನು ಐದು ನಡೆ ಬೇಕೇ?" ಅಂತ ಒಂದು ಚಂದದ ಬಟನ್ ಬರುತ್ತಿತ್ತು, ಬೆಲೆ ಸಮೇತ. ಯಾರಿಗೆ ಎಷ್ಟು ಸಲ ಸೋತ ಮೇಲೆ ಯಾವ ಪಟ್ಟಿಯಿಂದ ಸೀಡ್ ಕೊಡಬೇಕು ಎಂದು ನಿರ್ಧರಿಸುವ ಫಂಕ್ಷನ್ ಒಂದಿತ್ತು. ಅದನ್ನು ಬರೆದವನು ನಾನು.

ಒಂದು ರಾತ್ರಿ ಅಮ್ಮನ ಫೋನು. ಊಟ ಆಯ್ತಾ, ಮಳೆ ಬಂತಾ ಎಲ್ಲ ಆದಮೇಲೆ ಮೆಲ್ಲಗೆ ಹೇಳಿದಳು.

"ಒಂಬತ್ತು ದಿನದಿಂದ ಒಂದೇ ಲೆವೆಲ್ಲಲ್ಲಿ ಸಿಕ್ಕಾಕ್ಕೊಂಡಿದೀನಿ ಕಣೋ. ದಿನಾ ಕೊನೇಲಿ ಒಂದೇ ಒಂದು ಮಾವಿನಹಣ್ಣು ಉಳ್ಕೊಳತ್ತೆ."

"ಹೋಗ್ಲಿ ಬಿಡಮ್ಮ, ಆಟ ತಾನೆ."

"ನನ್ ಅದೃಷ್ಟಾನೇ ಅಷ್ಟು ಬಿಡು. ಶನಿವಾರ ಆಂಜನೇಯನ ಗುಡಿಗೆ ಹೋಗ್ಬಂದು ಆಡ್ತೀನಿ, ಆಗ ಆಗತ್ತೇನೋ" ಅಂತ ನಕ್ಕಳು.

ತಮಾಷೆಗೇ ಹೇಳಿದ್ದು. ಆದರೆ ನನಗೆ ನಗು ಬರಲಿಲ್ಲ. ಆ ಒಂದು ಮಾವಿನಹಣ್ಣು ಅವಳ ಅದೃಷ್ಟ ಅಲ್ಲ, ನನ್ನ ಇಫ್-ಎಲ್ಸ್. ಅಕ್ಕನ ಮಗ ರಜೆಗೆ ಬಂದಿದ್ದಾಗ ಅಜ್ಜಿಯ ಫೋನಿನಿಂದಲೇ ಎರಡು ಸಲ ಐದೈದು ನಡೆ ಕೊಡಿಸಿದ್ದ ಎಂದು ಆಮೇಲೆ ಗೊತ್ತಾಯಿತು. ಅಪ್ಪನಿಗೆ ಹೇಳಬೇಡ ಅಂತ ಅಮ್ಮ ಅವನಿಗೆ ತಾಕೀತು ಮಾಡಿದ್ದಳಂತೆ. ದುಡ್ಡು ದೊಡ್ಡದಲ್ಲ, ಎರಡು ಲೀಟರ್ ಎಣ್ಣೆಯ ದುಡ್ಡೂ ಅಲ್ಲ. ನನ್ನನ್ನು ಚುಚ್ಚಿದ್ದು "ನನ್ ಅದೃಷ್ಟಾನೇ ಅಷ್ಟು" ಎಂಬ ಮಾತು. ನಮ್ಮ ಫಂಕ್ಷನ್ನು ಅವಳನ್ನು ಸೋಲಿಸಿ, ಸೋಲಿನ ಹೊಣೆಯನ್ನು ಅವಳ ಹಣೆಬರಹದ ಲೆಕ್ಕಕ್ಕೆ ಬರೆದಿತ್ತು.

ಆವತ್ತೇ ರಾಜೀನಾಮೆ ಬಿಸಾಕಿ ಬಂದೆ ಅಂತ ಬರೆದರೆ ಚೆನ್ನಾಗಿರುತ್ತಿತ್ತು. ಸುಳ್ಳಾಗುತ್ತೆ. ಇನ್ನೂ ಏಳು ತಿಂಗಳು ಅಲ್ಲೇ ಇದ್ದೆ. ಬೇರೆ ಕಡೆ ಸಂಬಳ ಜಾಸ್ತಿ ಸಿಕ್ಕಿತು, ಹೋದೆ. ಈಗ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತೇನೆ. ಹಾಪ್ಲೈಟ್ ಸಿಕ್ಕಿದ್ದು ಈ ಹೊಸ ಆಫೀಸಿನ ಬಸ್ಸಿನಲ್ಲಿ, ಪಕ್ಕದ ಸೀಟಿನವನ ಫೋನಿನಲ್ಲಿ ಇಣುಕಿ ನೋಡಿ.

ಈಗ ನನ್ನ ವಾದಕ್ಕೆ ಬರ್ತೀನಿ. ಆಟದಲ್ಲಿ ಅದೃಷ್ಟ ಇರಲೇಬಾರದು ಅಂತ ನಾನು ಹೇಳುತ್ತಿಲ್ಲ. ಹಾಪ್ಲೈಟಿನಲ್ಲೂ ಅದೃಷ್ಟ ಇದೆ. ಪ್ರತಿ ಸಲವೂ ಲಾವಾ ಎಲ್ಲಿ, ಶತ್ರುಗಳು ಎಲ್ಲೆಲ್ಲಿ ಎಂಬುದೆಲ್ಲ ಹೊಸದಾಗಿ, ರ‍್ಯಾಂಡಮ್ಮಾಗಿ ಬರುತ್ತೆ. ಕೆಲವೊಮ್ಮೆ ಬಾಗಿಲಲ್ಲೇ ಇಬ್ಬರು ಮಾಂತ್ರಿಕರು ಕೂತಿರುತ್ತಾರೆ, ಗ್ರಹಚಾರ! ಆದರೆ ಆ ಅದೃಷ್ಟ ಬರುವುದು ನಾನು ನಿರ್ಧಾರ ಮಾಡುವ ಮುಂಚೆ. ಬಂದದ್ದು ಇಷ್ಟು, ಈಗ ನೀನೇನು ಮಾಡ್ತೀಯ ಅಂತ ಆಟ ಕೇಳುತ್ತೆ. ನಾನು ನಿರ್ಧರಿಸಿ ಕಾಲಿಟ್ಟ ಮೇಲೆ ಮತ್ತೆ ಒಂದು ದಾಳ ಉರುಳಿಸಿ "ಸಾರಿ, ನಿನ್ನ ಏಟು ತಪ್ಪಿತು" ಅನ್ನುವುದಿಲ್ಲ. ನಿರ್ಧಾರಕ್ಕೆ ಮುಂಚಿನ ಅದೃಷ್ಟ, ನಿರ್ಧಾರದ ನಂತರದ ಅದೃಷ್ಟ ಅಂತ ಗೇಮ್ ಡಿಸೈನಿನವರು ಇವೆರಡನ್ನು ಬೇರೆ ಬೇರೆಯಾಗಿಯೇ ನೋಡುತ್ತಾರೆ.

ಇದು ಅರ್ಥವಾಗಲು ಡಿಸೈನ್ ಓದಬೇಕಾಗಿಲ್ಲ. ಚೌಕಾಬಾರ ಆಡಿದವರಿಗೆಲ್ಲ ಗೊತ್ತು. ಕವಡೆ ಮೊದಲು ಬೀಳುತ್ತೆ. ಎರಡೋ ಮೂರೋ ಬಿತ್ತು ಅಂತ ಎಲ್ಲರೂ ನೋಡುತ್ತಾರೆ. ಆಮೇಲೆ ಯಾವ ಕಾಯಿ ನಡೆಸಬೇಕು ಅನ್ನುವುದು ನಿಮ್ಮ ಬುದ್ಧಿ. ನಮ್ಮಜ್ಜಿಗೆ ಎಷ್ಟು ಕೆಟ್ಟ ಕವಡೆ ಬಿದ್ದರೂ ಕೊನೆಗೆ ಗೆಲ್ಲುತ್ತಿದ್ದದ್ದು ಅದಕ್ಕೇ. ಆಡು-ಹುಲಿಯಲ್ಲಂತೂ ಕವಡೆಯೂ ಇಲ್ಲ. ಹುಲಿಯೂ ಕಾಣುತ್ತೆ, ಆಡೂ ಕಾಣುತ್ತೆ, ಎಲ್ಲ ಬಯಲು. ಹಾಪ್ಲೈಟ್ ಆಡುವಾಗ ನನಗೆ ಎಷ್ಟೋ ಸಲ ಅನ್ನಿಸಿದ್ದು ಇದು ಒಂಟಿ ಹುಲಿಯ ಆಡು-ಹುಲಿ ಅಂತ. ವ್ಯತ್ಯಾಸ ಏನಂದರೆ ಇಲ್ಲಿ ಆಡುಗಳ ಕೈಯಲ್ಲಿ ಬಾಂಬ್ ಇದೆ.

ಗ್ರೀಕರ ಕಡೆಯೂ ಇದಕ್ಕೆ ಒಂದು ಚಂದದ ಸಾಕ್ಷಿ ಇದೆ. ಎಕ್ಸೀಕಿಯಾಸ್ ಎಂಬ ಅಥೆನ್ಸಿನ ಕುಂಬಾರ-ಚಿತ್ರಕಾರ ಕ್ರಿ.ಪೂ. 540-530ರ ಸುಮಾರಿಗೆ ಮಾಡಿದ ಒಂದು ಹೂಜಿ ಈಗ ವ್ಯಾಟಿಕನ್ ಮ್ಯೂಸಿಯಮ್ಮಿನಲ್ಲಿದೆ. ಅದರ ಮೇಲೆ ಅಕಿಲೀಸ್ ಮತ್ತು ಅಜಾಕ್ಸ್, ಟ್ರಾಯ್ ಯುದ್ಧದ ಇಬ್ಬರು ಮಹಾವೀರರು, ಎದುರುಬದುರು ಕೂತು ಆಟ ಆಡುತ್ತಿದ್ದಾರೆ. ಗುರಾಣಿಗಳು ಹಿಂದೆ ಒರಗಿವೆ, ಈಟಿಗಳು ಇನ್ನೂ ಕೈಯಲ್ಲೇ. ಇಬ್ಬರ ಬಾಯಿಯ ಬಳಿಯೂ ಅಕ್ಷರ ಬರೆದಿದೆ. ಅಕಿಲೀಸ್ 'ನಾಲ್ಕು' ಅನ್ನುತ್ತಿದ್ದಾನೆ, ಅಜಾಕ್ಸ್ 'ಮೂರು' ಅನ್ನುತ್ತಿದ್ದಾನೆ. ನೋಡಿ, ಎರಡೂವರೆ ಸಾವಿರ ವರ್ಷದ ಹಿಂದಿನ ಚಿತ್ರದಲ್ಲೂ ಬಿದ್ದ ಸಂಖ್ಯೆಯನ್ನು ಇಬ್ಬರೂ ಬಾಯಿಬಿಟ್ಟು ಹೇಳುತ್ತಿದ್ದಾರೆ. ನನಗೆ ಬಿದ್ದದ್ದು ನಿನಗೂ ಗೊತ್ತಾಗಲಿ ಅನ್ನುವ ಹಾಗೆ. ಆಟದ ಮರ್ಯಾದೆ ಇರುವುದೇ ಅಲ್ಲಿ.

ಮಹಾಭಾರತದಲ್ಲಿ ಧರ್ಮರಾಯ ಸೋತದ್ದಕ್ಕೆ ನಾವು ಪಗಡೆಯನ್ನು ಬೈಯುವುದಿಲ್ಲ, ಬೈಯುವುದು ಶಕುನಿಯನ್ನು. ಯಾಕೆಂದರೆ ದಾಳ ಉರುಳಿಸಿದ್ದು ತಪ್ಪಲ್ಲ, ದಾಳದೊಳಗೆ ಒಬ್ಬನ ಮನಸ್ಸು ಕೂತಿದ್ದು ತಪ್ಪು. ಎದುರಿಗೆ ಕೂತವನು ಅದನ್ನು ಅದೃಷ್ಟ ಅಂದುಕೊಂಡು ಪಣ ಏರಿಸುತ್ತಾ ಹೋದ. ನಮ್ಮ ಹಣ್ಣಿನ ಆಟದಲ್ಲಿ ಆ ಶಕುನಿಯ ಹೆಸರು ಸೀಡ್ ಪಟ್ಟಿ.

"ಅತಿಯಾಯ್ತು ಮಾರಾಯ, ಟೈಮ್‌ಪಾಸ್ ಆಟಕ್ಕೆ ಮಹಾಭಾರತ ಯಾಕೆ?" ಅಂತ ಹಳೇ ಆಫೀಸಿನ ಗೆಳೆಯನೊಬ್ಬ ಕೇಳಿದ. ಅವನ ವಾದದಲ್ಲೂ ಹುರುಳಿದೆ, ಹಾಗಾಗಿ ಇಲ್ಲಿ ಬರೆಯುತ್ತೇನೆ.

ಅವನು ಹೇಳುವುದು: ಒಂದು, ಆಟ ಪುಕ್ಕಟೆ. ದುಡ್ಡು ಕೊಡದೆ ಆಡುವವರೇ ಜಾಸ್ತಿ, ಕೊಡುವ ಕೆಲವರಿಂದಲೇ ನಮ್ಮ ಸಂಬಳ ಬರಬೇಕು. ಎರಡು, ನಾವು ಸೋಲಿಸುವುದಷ್ಟೇ ಅಲ್ಲ, ಬಹಳ ಸೋತವರಿಗೆ ಸುಲಭದ ಸೀಡ್ ಕೊಟ್ಟು ಗೆಲ್ಲಿಸುತ್ತೇವೆ ಕೂಡ. ಮೂರು, ಎಲ್ಲರಿಗೂ ಹಾಪ್ಲೈಟಿನಂಥ ಆಟ ಬೇಡ. ಸೋತರೆ ಪೂರ್ತಿ ನಿನ್ನದೇ ತಪ್ಪು ಅನ್ನುವ ಆಟ ಕ್ರೂರವಲ್ಲವೇ? ದಿನವಿಡೀ ದುಡಿದು ಬಂದವರಿಗೆ "ಅದೃಷ್ಟ ಸರಿ ಇರಲಿಲ್ಲ" ಅಂತ ಹೇಳಿಕೊಳ್ಳುವ ಅವಕಾಶ ಕೊಡುವುದೂ ಒಂದು ದಯೆಯೇ.

ಮೊದಲನೆಯದಕ್ಕೆ ನನ್ನ ಉತ್ತರ: ಹಾಪ್ಲೈಟ್ ಕೂಡ ಆಂಡ್ರಾಯ್ಡಿನಲ್ಲಿ ನನಗೆ ಪುಕ್ಕಟೆಯಾಗಿಯೇ ಸಿಕ್ಕಿತು. ಇಷ್ಟವಾದ ಮೇಲೆ ಒಂದೇ ಸಲ ದುಡ್ಡು ಕೊಟ್ಟು ಪೂರ್ತಿ ಆಟ ತೆಗೆದುಕೊಂಡೆ. ಅಂಗಡಿಯವನು ರುಚಿ ನೋಡಲು ಒಂದು ತುಂಡು ಹಣ್ಣು ಕೊಟ್ಟು ಆಮೇಲೆ ಕೆ.ಜಿ. ಲೆಕ್ಕ ಹೇಳುವ ಹಾಗೆ. ಆ ದಾರಿಯಲ್ಲಿ ಕೋಟಿಗಟ್ಟಲೆ ಬರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಕೋಟಿ ಬರಲೇಬೇಕು ಎಂಬ ನಿಯಮ ಆಟದ್ದಲ್ಲ, ಹೂಡಿಕೆದಾರರದ್ದು.

ಎರಡನೆಯದು ಇನ್ನೂ ಬೇಸರದ್ದು. ಗೆಲ್ಲಿಸುವುದೂ ನಾವೇ ಆದರೆ ಆ ಗೆಲುವು ಯಾರದ್ದು? ಕೊನೆಗೂ ಆ ಲೆವೆಲ್ ದಾಟಿದ ದಿನ ಅಮ್ಮ ಫೋನ್ ಮಾಡಿ ಎಷ್ಟು ಖುಷಿಪಟ್ಟಿದ್ದಳು ಗೊತ್ತಾ? ಶನಿವಾರ ಗುಡಿಗೆ ಹೋಗಿ ಬಂದ ಮೇಲೆಯೇ ಆದದ್ದಂತೆ! ಆಂಜನೇಯನ ಮೇಲೆ ನನಗೆ ಗೌರವ ಇದೆ, ಆದರೆ ಅಷ್ಟು ಹೊತ್ತಿಗೆ ಅವಳ ಸೋಲಿನ ಲೆಕ್ಕ ತುಂಬಿತ್ತು ಅಷ್ಟೇ. ಅವಳ ಖುಷಿಯನ್ನೂ ನಾವೇ ಮೀಟರ್ ಹಾಕಿ ಅಳೆದು ಕೊಟ್ಟಿದ್ದೆವು.

ಮೂರನೆಯ ಮಾತು ನಿಜ. ಎಲ್ಲ ಬಯಲಾಗಿರುವ ಆಟ ಕಷ್ಟ. ಹದಿನೈದನೇ ಹಂತದಲ್ಲಿ ಸತ್ತಾಗ ಫೋನ್ ಬಿಸಾಡಬೇಕು ಅನ್ನಿಸಿದ್ದುಂಟು. ಅದೃಷ್ಟದ ಆಟ ಇರಲಿ, ಖಂಡಿತ ಇರಲಿ. ಅಜ್ಜ ಮೊಮ್ಮಗ ಒಟ್ಟಿಗೆ ಕೂತು ಮೊಮ್ಮಗ ಗೆಲ್ಲಬೇಕಾದರೆ ಕವಡೆ ಬೇಕೇ ಬೇಕು. ನಾನು ಕೇಳುತ್ತಿರುವುದು ಒಂದೇ: ಕವಡೆ ಆದರೆ ಕವಡೆಯಾಗಿಯೇ ಇರಲಿ. ಆಡುವವರನ್ನು ನೋಡಿಕೊಂಡು ಬೀಳುವ ಕವಡೆಗೆ ಅದೃಷ್ಟ ಎಂಬ ಹೆಸರು ಬೇಡ.

ಸರ್ಕಾರ ಏನೂ ಮಾಡಿಲ್ಲವೇ ಅಂತ ಕೇಳಬಹುದು. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯಿದೆಯನ್ನು ಪಾಸು ಮಾಡಿತು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳನ್ನು ಅದು ನಿಷೇಧಿಸಿತು. ಇದಕ್ಕೂ ಮುಂಚೆ ನಮ್ಮ ಕರ್ನಾಟಕ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಇದೇ ಪ್ರಯತ್ನ ಮಾಡಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ರಮ್ಮಿಯಲ್ಲಿ ಮನೆ ಮಠ ಕಳೆದುಕೊಂಡವರ ಸುದ್ದಿ ಓದಿದವರಿಗೆ ಈ ಕಾಯಿದೆ ಯಾಕೆ ಬಂತು ಅಂತ ಹೇಳಬೇಕಾಗಿಲ್ಲ.

ಆದರೆ ಕಾಯಿದೆ ಕೇಳುವ ಪ್ರಶ್ನೆ "ಈ ಆಟದಲ್ಲಿ ದುಡ್ಡು ಗೆಲ್ಲಬಹುದಾ?" ಎಂಬುದು. ನಮ್ಮ ಹಣ್ಣಿನ ಆಟದಲ್ಲಿ ದುಡ್ಡು ಕಳೆದುಕೊಳ್ಳಬಹುದೇ ಹೊರತು ಗೆಲ್ಲುವ ಮಾತೇ ಇಲ್ಲ. ಹಾಗಾಗಿ ಅದು ಜೂಜೂ ಅಲ್ಲ, ಯಾರ ಕಣ್ಣಿಗೂ ಬೀಳುವುದಿಲ್ಲ. "ಈ ಆಟ ಆಡುವವರಿಗೆ ನಿಜ ಹೇಳುತ್ತಾ?" ಎಂಬ ಪ್ರಶ್ನೆಯನ್ನು ಅದು ಕೇಳುವುದಿಲ್ಲ.

ಬೇರೆ ಕಡೆ ಆ ಪ್ರಶ್ನೆಯನ್ನು ಸ್ವಲ್ಪ ಮಟ್ಟಿಗಾದರೂ ಕೇಳಿದ್ದಾರೆ. ಆಟದೊಳಗೆ ದುಡ್ಡು ಕೊಟ್ಟು ಕೊಳ್ಳುವ ಮುಚ್ಚಿದ ಪೆಟ್ಟಿಗೆಗಳಲ್ಲಿ (ಲೂಟ್ ಬಾಕ್ಸ್) ಏನು ಸಿಗುವ ಸಾಧ್ಯತೆ ಎಷ್ಟು ಎಂದು ಬಹಿರಂಗ ಮಾಡಬೇಕು ಅಂತ ಚೀನಾ 2017ರಲ್ಲಿ ನಿಯಮ ತಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆಪಲ್ ತನ್ನ ಆಪ್ ಸ್ಟೋರಿಗೂ ಇಂಥದೇ ನಿಯಮ ಹಾಕಿತು. 2018ರಲ್ಲಿ ಬೆಲ್ಜಿಯಂನ ಗೇಮಿಂಗ್ ಕಮಿಷನ್ ಕೆಲವು ಆಟಗಳ ಇಂಥ ಪೆಟ್ಟಿಗೆಗಳು ಜೂಜೇ ಎಂದು ಹೇಳಿತು. ಆದರೆ ಇದೆಲ್ಲ ಪೆಟ್ಟಿಗೆಯ ಮಾತಾಯಿತು. ಸೋಲನ್ನೇ ಅಳತೆ ಮಾಡಿ ಕೊಡುವ ಫಂಕ್ಷನ್ನಿಗೆ ಪೆಟ್ಟಿಗೆ ಇಲ್ಲ, ಮುಚ್ಚಳ ಇಲ್ಲ, ಹೆಸರೂ ಇಲ್ಲ.

ನನ್ನನ್ನು ಕೇಳಿದರೆ ಬೇಕಾಗಿರುವುದು ದೊಡ್ಡ ಕಾನೂನಲ್ಲ. ಬಿಸ್ಕತ್ ಪೊಟ್ಟಣದ ಹಿಂದೆ ಏನೇನು ಹಾಕಿದ್ದಾರೆ ಅಂತ ಬರೆದಿರುತ್ತಲ್ಲ, ಹಾಗೆ ಆಟದ ಮೊದಲ ಪುಟದಲ್ಲಿ ಒಂದು ಸಾಲು. "ನೀವು ಎಷ್ಟು ಸಲ ಸೋತಿದ್ದೀರಿ, ಎಷ್ಟು ದುಡ್ಡು ಕೊಟ್ಟಿದ್ದೀರಿ ಎಂಬುದನ್ನು ನೋಡಿ ಈ ಆಟ ಬದಲಾಗುತ್ತದೆ." ಇಷ್ಟು ಬರೆದರೆ ಸಾಕು. ಓದಿದ ಮೇಲೂ ಆಡುವವರು ಆಡಲಿ, ದುಡ್ಡು ಕೊಡುವವರು ಕೊಡಲಿ. ಕೊನೇ ಪಕ್ಷ ಹಣೆಬರಹವನ್ನು ಬೈದುಕೊಳ್ಳುವುದು ನಿಲ್ಲುತ್ತೆ. ಈ ಸಾಲನ್ನು ಬರೆದರೆ ವ್ಯಾಪಾರ ಬೀಳುತ್ತೆ ಅಂತ ಹಳೇ ಗೆಳೆಯ ಹೇಳಿದ. ಬೀಳುತ್ತೆ ಅನ್ನುವುದಾದರೆ ಇಷ್ಟು ದಿನ ನಾವು ಮಾರಿದ್ದು ಏನನ್ನು ಅಂತ ಯೋಚಿಸಬೇಕಲ್ಲವೇ?

ಹಬ್ಬಕ್ಕೆ ಊರಿಗೆ ಹೋಗಿದ್ದಾಗ ಕೊನೆಗೂ ಅಮ್ಮನಿಗೆ ಎಲ್ಲ ಹೇಳಿದೆ. ಹೂವು ಕಟ್ಟುತ್ತಾ ಕೂತಿದ್ದಳು. ಸೀಡು, ಬಾಟು ಎಲ್ಲ ಬಿಟ್ಟು, "ಆ ಮಾವಿನಹಣ್ಣು ಉಳಿಯೋ ಹಾಗೆ ಮಾಡಿದ್ದು ನಾವೇ ಅಮ್ಮ, ನಿನ್ನ ಅದೃಷ್ಟ ಅಲ್ಲ" ಅಂದೆ. ಬೈತಾಳೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅಂದ್ರೆ ಅಷ್ಟು ದಿನ ನಾನು ಆಡ್ತಿದ್ದಿದ್ದು ನಿನ್ನ ಜೊತೇನಾ?" ಅಂದಳು.

ಏನು ಹೇಳಬೇಕು ಅಂತ ತೋಚಲಿಲ್ಲ. ಹೌದು ಅಂದರೂ ತಪ್ಪು, ಇಲ್ಲ ಅಂದರೂ ತಪ್ಪು.

ಆಮೇಲೆ ಅವಳಿಗೆ ಹಾಪ್ಲೈಟ್ ತೋರಿಸಿದೆ. "ಇದೇನೋ ಇಷ್ಟು ಕಪ್ಪಗಿದೆ" ಅಂತ ಶುರು ಮಾಡಿದವಳು ಮೊದಲ ಸಲ ಎರಡನೇ ಹಂತದಲ್ಲೇ ಸತ್ತಳು. ಬಿಲ್ಲುಗಾರನ ನೇರಕ್ಕೆ ಹೋಗಿ ನಿಂತಿದ್ದಳು. ನಾನು ಬಾಯಿ ತೆರೆಯುವ ಮುಂಚೆಯೇ "ತಾಳು, ತಾಳು. ನಾನು ಅವನನ್ನ ನೋಡ್ಲಿಲ್ಲ. ನಂದೇ ತಪ್ಪು" ಅಂದು ಮತ್ತೆ ಶುರು ಮಾಡಿದಳು. ಮೂರನೇ ಸಲಕ್ಕೆ ಐದನೇ ಹಂತ ಮುಟ್ಟಿದಳು. ಆಮೇಲೆ "ತಲೆನೋವು ಬರ್ಸತ್ತೆ ಇದು" ಅಂತ ಫೋನ್ ನನ್ನ ಕೈಗೆ ಕೊಟ್ಟು ಸೀರಿಯಲ್ ಹಾಕಿಕೊಂಡಳು.

ಅಮ್ಮ ಹಾಪ್ಲೈಟ್ ಅಭಿಮಾನಿ ಆಗಿಬಿಟ್ಟಳು ಅಂತ ಕಥೆ ಕಟ್ಟಲಾರೆ. ಅವಳ ಫೋನಿನಲ್ಲಿ ಈಗಲೂ ಇರುವುದು ಹಣ್ಣಿನ ಆಟವೇ, ಅದೂ ಬೇರೆ ಕಂಪನಿಯದ್ದು. ಆದರೆ ಹೋದ ವಾರ ಫೋನ್ ಮಾಡಿದ್ದಾಗ ಒಂದು ಮಾತು ಹೇಳಿದಳು. "ಈ ಲೆವೆಲ್ ಹೋಗ್ತಾನೇ ಇಲ್ಲ ಕಣೋ. ಯಾರ ಮಗನೋ ಕೂತ್ಕೊಂಡು ಆಟ ಆಡಿಸ್ತಿದಾನೆ."

ಅದೃಷ್ಟದ ಮಾತು ಬರಲಿಲ್ಲ. ನನಗೆ ಅಷ್ಟೇ ಸಾಕು ಅನ್ನಿಸಿತು.

ನಿಮ್ಮ ಮನೆಯಲ್ಲೂ ಅಮ್ಮನೋ ಅತ್ತೆಯೋ ಮಧ್ಯಾಹ್ನದ ಹೊತ್ತು ಹೀಗೆ ಹಣ್ಣು ಒಡೆಯುತ್ತಿರಬಹುದು. ಅವರು "ನನ್ನ ಹಣೆಬರಹ" ಅಂದರೆ ದಯವಿಟ್ಟು ಒಂದು ನಿಮಿಷ ಪಕ್ಕದಲ್ಲಿ ಕೂತು ವಿಷಯ ತಿಳಿಸಿ. ಮತ್ತೆ ನೀವು ನನ್ನ ಹಾಗೆ ಅಂಥ ಫಂಕ್ಷನ್ ಬರೆಯುವವರಾಗಿದ್ದರೆ, ಒಂದು ಸಲ ಹಾಪ್ಲೈಟ್ ಆಡಿ ನೋಡಿ. ಏನನ್ನೂ ಬಚ್ಚಿಡದೆಯೂ ಮನುಷ್ಯನನ್ನು ಮತ್ತೆ ಮತ್ತೆ ಆಟಕ್ಕೆ ಕೂರಿಸಬಹುದು ಅನ್ನುವುದು ಹದಿನಾರು ಹಂತ ಇಳಿಯುವುದರೊಳಗೆ ಗೊತ್ತಾಗುತ್ತೆ.

ಎರಡನೇ ಹಂತದಲ್ಲಿ ಬಿಲ್ಲುಗಾರ ಇರುತ್ತಾನೆ, ಹುಷಾರು :)